ಹರಿದಾಸ ಮೇಷ್ಟ್ರ ಇತಿಹಾಸಂ

“ಎಷ್ಟು ಮಂದಿ ಅಂತ ಕೇಳಿದ್ರೆ ಒಂದು ನಂಬರು ಹೇಳ್ಬೇಕು ಮೇಷ್ಟ್ರೇ. ನೀವು ಸಿಂಧೂ ಕಣಿವೆಯಿಂದ ಶುರು ಮಾಡ್ತೀರಿ.”

ಹರಿದಾಸ ಮೇಷ್ಟ್ರು ಸಿಂಧೂ ಕಣಿವೆಯನ್ನು ಅರ್ಧಕ್ಕೇ ಬಿಟ್ಟು ಬಾಯಿ ಮುಚ್ಚಿದರು. ಎದುರಿಗೆ ಕೂತವರು ಶಾಲೆಯ ಕರೆಸ್ಪಾಂಡೆಂಟ್ ಶಂಕರನಾರಾಯಣರು. ಚೆನ್ನೈಯಲ್ಲಿ ಖಾಸಗಿ ಶಾಲೆಯ ಯಜಮಾನನಿಗೆ ಕರೆಸ್ಪಾಂಡೆಂಟ್ ಅನ್ನುತ್ತಾರೆ. ಅವರು ಯಾರಿಗೂ ಕಾಗದ ಬರೆಯುವುದಿಲ್ಲ, ಬರೆದವರಿಗೆ ಉತ್ತರವನ್ನೂ ಕೊಡುವುದಿಲ್ಲ. ಇವರ ತಂದೆ ಕುಂದಾಪುರದ ಕಡೆಯಿಂದ ಬಂದು ವೆಸ್ಟ್ ಮಾಂಬಲಂ ಸ್ಟೇಷನ್ನಿನ ಹತ್ತಿರ ಹೋಟೆಲು ಹಾಕಿದವರು. ಹೋಟೆಲು ಬೆಳೆದು ಪಕ್ಕದಲ್ಲೊಂದು ಶಾಲೆಯಾಯಿತು. ಹಾಗಾಗಿ ಮಗನ ತಲೆಯಲ್ಲಿ ಎರಡಕ್ಕೂ ನಡುವೆ ಗೋಡೆ ಇರಲಿಲ್ಲ.

“ಎರಡ್ರಿ ಸರ,” ಅಂದರು ಮೇಷ್ಟ್ರು.

ಪ್ಲಸ್ ಒನ್, ಅಂದರೆ ಹನ್ನೊಂದನೆಯ ತರಗತಿಯ, ಹಿಸ್ಟರಿ ಗ್ರೂಪಿಗೆ ಬಂದ ಆ ಎರಡು ಅರ್ಜಿಗಳಲ್ಲಿ ಒಂದು ನಿಖಿತಾಳದು. ಅವಳಿಗೆ ಲೆಕ್ಕ ಕಂಡರೆ ಜ್ವರ ಬರುತ್ತಿತ್ತು. ಇನ್ನೊಂದು ಚರಣ್‌ನದು. ಅವನು ಕಾಮರ್ಸಿಗೆ ಹಾಕಬೇಕಾದ ಗುರುತನ್ನು ಕೈತಪ್ಪಿ ಒಂದು ಗೆರೆ ಕೆಳಗೆ ಹಾಕಿದ್ದ. ತಿದ್ದಿಸಲು ಅವನಪ್ಪ ಸೋಮವಾರ ಬರುವವರಿದ್ದರು. ಇದನ್ನು ಮೇಷ್ಟ್ರು ಹೇಳಲಿಲ್ಲ.

ಶಂಕರನಾರಾಯಣರು ಕುರ್ಚಿಗೆ ಒರಗಿದರು. “ಕಾಣಿ ಮಾರಾಯ್ರೆ, ಹೋಟೆಲಿನಲ್ಲಿ ಯಾರೂ ಕೇಳದ ತಿಂಡಿಯ ಹೆಸರು ಬೋರ್ಡಿನ ಮೇಲೆ ಎಷ್ಟು ದಿನ ಇಡ್ತೇವೆ? ಅಳಿಸಿ ಬಿಡ್ತೇವೆ. ಅದರಲ್ಲಿ ತಿಂಡಿಗೆ ಅವಮಾನ ಎಂತದೂ ಇಲ್ಲ.”

ಆಮೇಲೆ ಅವರು ಹೇಳಿದ್ದರ ಸಾರಾಂಶ ಇಷ್ಟು. ಸೋಮವಾರ ಟೈಂಟೇಬಲ್ ಅಚ್ಚಿಗೆ ಹೋಗಬೇಕು. ಈ ಸಂಜೆಯೊಳಗೆ ಹತ್ತು ಅರ್ಜಿ ಆದರೆ ಹಿಸ್ಟರಿ ಇರುತ್ತದೆ, ಇಲ್ಲದಿದ್ದರೆ ಇಲ್ಲ. ಹಾಗಂತ ಮೇಷ್ಟ್ರನ್ನು ಮನೆಗೆ ಕಳಿಸುವ ಮನುಷ್ಯ ತಾವಲ್ಲ. ಟ್ರಾನ್ಸ್‌ಪೋರ್ಟ್ ಇನ್‌ಚಾರ್ಜ್ ಮಾಡುತ್ತಾರೆ. ನಾಲ್ಕು ಬಸ್ಸು, ನಾಲ್ಕು ಡ್ರೈವರು, ಬೆಳಿಗ್ಗೆ ಆರೂವರೆಗೆ ಗೇಟಿನ ಮುಂದೆ ನಿಂತು ಮಕ್ಕಳ ತಲೆ ಎಣಿಸುವುದು. ಎಣಿಸುವುದರಲ್ಲಿ ಇಸವಿಗಳ ಅಭ್ಯಾಸ ಉಪಯೋಗಕ್ಕೆ ಬರುತ್ತದೆ ಎಂದೂ ಸೇರಿಸಿದರು.

ಹರಿದಾಸ ಮೇಷ್ಟ್ರು ಎದ್ದು ಬಾಗಿಲ ಕಡೆ ನಡೆದರು. ಅವರು ಬಾದಾಮಿ ಹತ್ತಿರದ ಗುಳೇದಗುಡ್ಡದವರು. ಬಾದಾಮಿಯ ಹೊಂಡದಲ್ಲಿ ಈಜು ಕಲಿತು, ಗುಹೆಗಳ ನೆರಳಿನಲ್ಲಿ ಬುತ್ತಿ ಉಂಡು, ಈ ಬಂಡೆಗಳ ಸುದ್ದಿ ನಾಲ್ಕು ಮಂದಿಗೆ ಹೇಳುವುದೊಂದು ಬಿಟ್ಟರೆ ಜೀವನದಲ್ಲಿ ಬೇರೆ ಏನೂ ಬೇಡವೆಂದುಕೊಂಡು ಬೆಳೆದವರು. ಹೆಂಡತಿ ಜಯಲಕ್ಷ್ಮೀ ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವ ಮನೆಯವಳು, ಅಲ್ಲಿಯ ಗಿಂಡಿ ಬಡಾವಣೆಯಲ್ಲಿ ಕೆಲಸ. ಹಾಗಾಗಿ ನಾಲ್ಕು ವರ್ಷದ ಹಿಂದೆ ಇವರೂ ಬಂದು ಸೇರಿದ್ದರು.

“ಇವತ್ತ ಸಂಜಿಗೆ ಲೆಕ್ಚರ್ ಇಟ್ಟೀನ್ರಿ,” ಅಂದರು ಬಾಗಿಲಲ್ಲಿ ನಿಂತು. “ಹತ್ತು ಏನ್ರಿ, ಇಪ್ಪತ್ತು ಬರ್ತಾವ.”

ಶಂಕರನಾರಾಯಣರು ಆಗಲೇ ಹೋಟೆಲಿಗೆ ಫೋನು ಹಚ್ಚಿ ತೆಂಗಿನಕಾಯಿಯ ಮಾತಿಗೆ ಇಳಿದಿದ್ದರು.

ಆ ಲೆಕ್ಚರಿನ ವಿಚಾರ ಸ್ವಲ್ಪ ಹೇಳಬೇಕು. ಮಕ್ಕಳಿಗೆ ಇತಿಹಾಸದ ರುಚಿ ಹತ್ತಿಸಲು ಮೇಷ್ಟ್ರು ಮಾಡದ ಸಾಹಸವಿರಲಿಲ್ಲ. ಹೋದ ವರ್ಷ ಅಶೋಕ ಚಕ್ರವರ್ತಿಯ ವೇಷ ಹಾಕಿಕೊಂಡು ಕಳಿಂಗ ಯುದ್ಧದ ಪಾಠ ಮಾಡಿದ್ದರು. ಮಕ್ಕಳು ಫೋಟೋ ಹಿಡಿದುಕೊಂಡರು, ಪಾಠ ಹಿಡಿದುಕೊಳ್ಳಲಿಲ್ಲ. ಮೀಸೆಗೆ ಹಚ್ಚಿದ ಗೋಂದು ಬಿಡದೆ ಮೂರು ದಿನ ಮೇಷ್ಟ್ರು ಅಶೋಕನಾಗಿಯೇ ಮನೆಗೆ ಹಾಲು ತಂದರು. ಈ ಸಲ ವೇಷ ಬೇಡ, ಮಾತು ಸಾಕು ಅಂದುಕೊಂಡರು. ಶನಿವಾರ ಸಂಜೆ ಐದಕ್ಕೆ ಶಾಲೆಯ ಹಾಲಿನಲ್ಲಿ ಭಾಷಣ; ಇನ್ನೂ ಗ್ರೂಪು ಆರಿಸದ ಮಕ್ಕಳನ್ನೂ ಅಪ್ಪ ಅಮ್ಮಂದಿರನ್ನೂ ಕೂರಿಸಿಕೊಂಡು ಪುಲಕೇಶಿಯ ಕತೆ ಹೇಳುವುದು; ಮುಗಿದ ಬಿಸಿಯಲ್ಲೇ ಅರ್ಜಿ ಬರೆಸುವುದು. ಅದಕ್ಕೊಂದು ತಮಿಳು ನೋಟೀಸು ಬೇಕಾಯಿತು.

ಮೇಷ್ಟ್ರಿಗೆ ತಮಿಳು ಓದಲು ಬರುತ್ತಿರಲಿಲ್ಲ. ಮಾತು ಮಾತ್ರ ಬರುತ್ತದೆ ಎಂದು ಅವರ ನಂಬಿಕೆ. ಆ ನಂಬಿಕೆಗೆ ಆಧಾರ ಒಂದು ಸೂತ್ರ: ಕನ್ನಡದ ಮಾತಿನ ಕೊನೆಗೆ ಒಂದು ‘ಮ್’ ಸೇರಿಸಿದರೆ ತಮಿಳಾಗುತ್ತದೆ. ಮರ, ಮರಂ. ಪಟ, ಪಟಂ. ನಗರ, ನಗರಂ. ಅಂಗಡಿಯಲ್ಲಿ ಬೆಲ್ಲಂ ಅಂದರೆ ಬೆಲ್ಲ ಕೊಟ್ಟರು. ಒಮ್ಮೆ ಮಾತ್ರ ಮೊಸರಂ ಕೇಳಿದಾಗ ಹಾಲಿನ ಅಂಗಡಿಯವನು ಔಷಧಿ ಅಂಗಡಿಯ ದಾರಿ ತೋರಿಸಿದ್ದ. ಯಾವ ಸೂತ್ರಕ್ಕಾದರೂ ಒಂದು ಅಪವಾದ ಇರುತ್ತದಲ್ಲ.

ಅದೇ ಧೈರ್ಯದಲ್ಲಿ ಗುರುವಾರ ಪ್ರಿಂಟಿಂಗ್ ಅಂಗಡಿಗೆ ಹೋಗಿ, ಇತಿಹಾಸಂ, ಉಪನ್ಯಾಸಂ, ಶನಿವಾರ ಐದು ಗಂಟೆ, ಹರಿದಾಸ, ಶಾಲೆ ಹಾಲು ಅಂತ ಬಾಯಲ್ಲೇ ಹೇಳಿ ಬಂದಿದ್ದರು. ಅಂಗಡಿಯವನ ಮುಖದಲ್ಲಿ ಹೊಸದೊಂದು ಗೌರವ ಕಾಣಿಸಿತು. ಸಂಜೆ ಹೋದರೆ ನೋಟೀಸಿನ ನಡುವೆ ಕುದುರೆ ಕಟ್ಟಿದ ರಥ, ಅದರಲ್ಲಿ ಬಿಲ್ಲು ಕೆಳಗಿಟ್ಟು ಕೂತ ಅರ್ಜುನ, ಮುಂದೆ ಕೃಷ್ಣ. ಜಾಗ ಖಾಲಿ ಇತ್ತು, ಹಾಕಿದೆ ಎಂದ. ಯುದ್ಧ ಅಂದರೆ ಯುದ್ಧ, ರಥ ಅಂದರೆ ರಥ, ಮಕ್ಕಳ ಕಣ್ಣಿಗೆ ಬಿದ್ದರೆ ಸಾಕೆಂದು ಮೇಷ್ಟ್ರು ಒಪ್ಪಿದರು. ಅಂಗಡಿಯವನು ಮೊದಲ ಪ್ರತಿಯನ್ನು ಕಣ್ಣಿಗೊತ್ತಿಕೊಂಡು ಕೊಟ್ಟ. ಉಳಿದದ್ದನ್ನು ತಾನೇ ದೇವಸ್ಥಾನದ ಗೋಡೆಗೂ ಹೂವಿನಂಗಡಿಗಳ ಸಾಲಿಗೂ ಅಂಟಿಸುತ್ತೇನೆ ಅಂದ. ಕಸುಬಿನ ಮೇಲೆ ಇಷ್ಟು ಭಕ್ತಿ ಇರುವವರನ್ನು ಮೇಷ್ಟ್ರು ಆ ತನಕ ಕಂಡಿರಲಿಲ್ಲ.

ಈಗ ಕರೆಸ್ಪಾಂಡೆಂಟರ ಕೋಣೆಯಿಂದ ಹೊರಬಿದ್ದವರು ನೇರ ಹನ್ನೊಂದನೆಯ ತರಗತಿಗೆ ಹೋದರು. ಗ್ರೂಪು ಆರಿಸದ ಇಪ್ಪತ್ತೆರಡು ಮಕ್ಕಳು ಅಲ್ಲಿ ಫ್ಯಾನಿನ ಕೆಳಗೆ ಬಾಡಿದ ಸೊಪ್ಪಿನ ಹಾಗೆ ಬಿದ್ದುಕೊಂಡಿದ್ದವು. ಮೇಷ್ಟ್ರು ನೋಟೀಸು ಎತ್ತಿ ಹಿಡಿದರು. ಯಾರಿಗೂ ಸಲೀಸಾಗಿ ಓದಲು ಆಗಲಿಲ್ಲ. ಆ ಶಾಲೆಯಲ್ಲಿ ಪರೀಕ್ಷೆಯಲ್ಲಿ ನಂಬರು ಹೆಚ್ಚು ಬರುತ್ತದೆಂದು ತಮಿಳು ಬಿಟ್ಟು ಅರ್ಧ ಮಕ್ಕಳು ಸಂಸ್ಕೃತ, ಅರ್ಧ ಮಕ್ಕಳು ಫ್ರೆಂಚ್. ಏನು ಬರೆದಿದೆ ಸಾರ್ ಅಂತ ಅವರೇ ಕೇಳಿದರು. ಹಿಸ್ಟರಿ ಲೆಕ್ಚರ್ ಎಂದು ಮೇಷ್ಟ್ರು ಹೇಳಿದೊಡನೆ ಎತ್ತಿದ ತಲೆಗಳೆಲ್ಲ ಮತ್ತೆ ಬೆಂಚಿಗೆ ಒರಗಿದವು.

ಕೊನೆಯ ಬೆಂಚಿನಿಂದ ಸುಕೇಶ ಎದ್ದ. ಕೀಲ್ಪಾಕ್‌ನಲ್ಲಿ ಅವನ ಅಪ್ಪನದೂ ಒಂದು ಹೋಟೆಲು. ಮನೆಯಲ್ಲಿ ಕನ್ನಡ ಕೇಳುತ್ತಾನೆ, ಉತ್ತರ ತಮಿಳಿನಲ್ಲಿ ಕೊಡುತ್ತಾನೆ. ಅವನು ಕೇಳಿದ್ದನ್ನು ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ: “ಸಾರ್, ಆ ರಾಜರೆಲ್ಲ ಸತ್ತೋಗಿದ್ದಾರೆ. ಬದುಕಿದ್ದಾಗ ಒಬ್ಬರನ್ನೊಬ್ಬರು ಬಿಡಲಿಲ್ಲ, ಸರಿ. ಸತ್ತ ಮೇಲೂ ನಮ್ಮನ್ನು ಯಾಕೆ ಸಾರ್ ಬಿಡೋದಿಲ್ಲ?”

ತರಗತಿ ಮೊದಲ ಬಾರಿಗೆ ಜೀವಂತವಾಯಿತು. ಐದಕ್ಕೆ ಪಕ್ಕದ ಕಟ್ಟಡದಲ್ಲಿ ಎಂಟ್ರೆನ್ಸ್ ಕೋಚಿಂಗ್ ಇದೆ, ಬರಲಾಗುವುದಿಲ್ಲ ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ತಿನ್ನಲು ಏನಾದರೂ ಇದ್ದರೆ ಯೋಚಿಸಬಹುದು ಎಂದು ಸುಕೇಶ ಒಂದು ಕಿಂಡಿ ತೆರೆದಿಟ್ಟ.

ಮಧ್ಯಾಹ್ನ ಮೇಷ್ಟ್ರು ತಲೆ ತಗ್ಗಿಸಿಕೊಂಡು ಬೀದಿಗೆ ಇಳಿದರು. ಆದರೆ ಬೀದಿ ಬೇರೆಯೇ ಆಗಿತ್ತು. ಹೂವಿನವಳು ಬುಟ್ಟಿಯ ಹಿಂದಿನಿಂದ ಎದ್ದು ಕೈಮುಗಿದು ಒಂದು ಮೊಳ ಮಲ್ಲಿಗೆ ಕೈಗಿತ್ತಳು. ನಾಲ್ಕು ವರ್ಷದಲ್ಲಿ ಒಮ್ಮೆಯೂ ತಲೆ ಎತ್ತಿ ನೋಡದ ಇಸ್ತ್ರಿಯವನು ಪೆಟ್ಟಿಗೆ ಬದಿಗಿಟ್ಟು ನಮಸ್ಕಾರ ಮಾಡಿದ. ಕಾಫಿ ಅಂಗಡಿಯ ಮುಂದೆ ಬಿಳಿ ಪಂಚೆಯ ಮುದುಕರೊಬ್ಬರು ತಡೆದು ನಿಲ್ಲಿಸಿ, ಇದು ಒಂದೇ ದಿನದ್ದೋ ಏಳು ದಿನದ್ದೋ ಎಂದು ತಮಿಳಿನಲ್ಲಿ ವಿಚಾರಿಸಿದರು. ಸಾವಿರಾರು ವರ್ಷದ ಸಂಗತಿ, ಏಳು ದಿನಕ್ಕೆ ಹೇಗೆ ಮುಗಿದೀತು, ಒಂದು ಜನ್ಮ ಸಾಲದು ಎಂದು ಮೇಷ್ಟ್ರು ತಮಗೆ ಬಂದ ತಮಿಳಿನಲ್ಲಿ ಹೇಳಿದರು. ಮುದುಕರ ಕಣ್ಣು ತುಂಬಿತು. ಊಟ ಆಯಿತೇ ಎಂದರು. ಬೆಳಗಿನಿಂದ ನೀರು ಸಹ ಮುಟ್ಟಿಲ್ಲ ಎಂದರು ಮೇಷ್ಟ್ರು. ಕರೆಸ್ಪಾಂಡೆಂಟರ ಕೋಣೆಯಿಂದ ತರಗತಿಗೆ, ತರಗತಿಯಿಂದ ಬೀದಿಗೆ ಅಲೆಯುವುದರಲ್ಲಿ ಊಟ ಮರೆತೇ ಹೋಗಿತ್ತು. ಮುದುಕರು ಪಕ್ಕದಲ್ಲಿದ್ದವರಿಗೆ ಇದನ್ನು ಪಿಸುಗುಟ್ಟಿದರು, ಅವರು ಅವರ ಪಕ್ಕದವರಿಗೆ. ಕಾಫಿ ಅಂಗಡಿಯೇ ಎದ್ದು ನಿಂತಿತು.

ಈ ಊರಿನವರಿಗೆ ಇತಿಹಾಸದ ಮೇಲೆ ಇಂಥ ಪ್ರೀತಿ ಇದೆ, ಮಕ್ಕಳು ಮಾತ್ರ ಯಾಕೆ ಹೀಗೆ ಎಂದು ಯೋಚಿಸುತ್ತ ಮೇಷ್ಟ್ರು ಶಾಲೆಗೆ ಮರಳಿದರು. ನಾಲ್ಕು ಗಂಟೆಗೆ ಫೋನು ಬಂತು. ಜಯಲಕ್ಷ್ಮೀ.

“ಇಲ್ಲಿ ಕೇಳಿ. ನೀವು ಯಾವಾಗ ಪುರಾಣ ಹೇಳೋಕೆ ಶುರು ಮಾಡಿದ್ರಿ?”

“ಪುರಾಣ? ಯಾರು?”

“ತರಕಾರಿ ಅಂಗಡೀಲಿ ಎಲ್ಲ ಮಾಮಿಗಳೂ ನನ್ನ ಕೈ ಹಿಡ್ಕೊಂಡು, ನೀನು ಪುಣ್ಯ ಮಾಡಿದ್ದೆ ಅಂತಾರೆ. ಗೋಡೆ ಮೇಲೆ ನೋಟೀಸ್ ಓದಿದೆ. ಇತಿಹಾಸ ಅಂತ ಹೇಳಿ ಅಚ್ಚು ಹಾಕಿಸಿದೀರ?”

“ಹೌದು ಮತ್ತ. ನಾ ಹೇಳೋದು ಇತಿಹಾಸ ಅಲ್ಲೇನು?”

ಆ ಕಡೆ ಒಂದು ದೀರ್ಘ ಉಸಿರು ಕೇಳಿಸಿತು. “ನಿಮ್ಮ ಇತಿಹಾಸಕ್ಕೆ ತಮಿಳಲ್ಲಿ ವರಲಾರು ಅಂತಾರೆ. ಇತಿಹಾಸಂ ಅಂದ್ರೆ ಇಲ್ಲಿ ರಾಮಾಯಣ, ಮಹಾಭಾರತ. ಅವೆರಡೇ. ಉಪನ್ಯಾಸಂ ಅಂದ್ರೆ ಮಣೆ ಮೇಲೆ ಕೂತು ದೇವರ ಕತೆ ಹೇಳೋದು. ಅದರ ಕೆಳಗೆ ಹರಿದಾಸ ಅಂತ ಹೆಸರು ಬೇರೆ. ಸರಿಯಾ ಪೋಚು.”

ಸರಿಯಾ ಪೋಚು ಅಂದರೆ ಎಲ್ಲ ಮುಗಿಯಿತು ಅಂತ ಅರ್ಥ. ಇದೊಂದು ತಮಿಳು ಮೇಷ್ಟ್ರಿಗೆ ಸೂತ್ರದ ಸಹಾಯವಿಲ್ಲದೆ ಅರ್ಥವಾಗುತ್ತಿತ್ತು.

ಹಾಲಿಗೆ ಓಡಿದರು. ಬಾಗಿಲಲ್ಲಿ ಪಿ.ಟಿ. ಮೇಷ್ಟ್ರು ಸಂತೋಷ್ ಸೀಟಿ ಕಚ್ಚಿಕೊಂಡು ಚಪ್ಪಲಿಗಳನ್ನು ಸಾಲಾಗಿ ಬಿಡಿಸುತ್ತಿದ್ದ. ಒಳಗೆ ಎಂಬತ್ತಕ್ಕೆ ಕಡಿಮೆಯಿಲ್ಲದಂತೆ ಅಜ್ಜಿಯರು, ನಡುನಡುವೆ ಅಜ್ಜಂದಿರು. ವೇದಿಕೆಯ ಮೇಲೆ ದೀಪ ಉರಿಯುತ್ತಿತ್ತು. ಮೇಷ್ಟ್ರು ತೂಗುಹಾಕಿದ್ದ ಚಾಲುಕ್ಯರ ಭೂಪಟದ ಮೇಲೆ ಯಾರೋ ಮಾವಿನ ತೋರಣ ಕಟ್ಟಿದ್ದರು. ಎರಡನೆಯ ಪುಲಕೇಶಿಯ ರಾಜ್ಯ ಎಲೆಗಳ ಮರೆಯಲ್ಲಿ ನರ್ಮದೆಯ ಈಚೆಗೇ ಕುಗ್ಗಿ ಹೋಗಿತ್ತು. ಮುಂದಿನ ಸಾಲಿನ ಬೆತ್ತದ ಕುರ್ಚಿಯಲ್ಲಿ ಕರೆಸ್ಪಾಂಡೆಂಟರ ತಾಯಿ ಪ್ರೇಮಮ್ಮನವರು. ಎಂಬತ್ತನಾಲ್ಕು ವರ್ಷ. ಹೋಟೆಲು, ಶಾಲೆ, ಮಗ, ಮೂರೂ ಅವರ ಕಣ್ಣಿನ ಅಳತೆಯಲ್ಲೇ ನಡೆಯುತ್ತಿದ್ದವು. ಅವರು ಹೋಟೆಲಿನಿಂದ ಎರಡು ಡಬರಿ ಕಡಲೆ ಉಸಲಿ ತರಿಸಿದ್ದರು, ಸಾಲದೆಂಬಂತೆ ತಾರಸಿಯ ಮೇಲೆ ಒಂದು ಸ್ಪೀಕರೂ ಕಟ್ಟಿಸಿದ್ದರು.

ಮೇಷ್ಟ್ರು ಬಗ್ಗಿ, ಇದರಲ್ಲಿ ಒಂದು ಸಣ್ಣ ತಪ್ಪಾಗಿದೆ, ತಾವು ಹೇಳಲಿರುವುದು ಬೇರೆ ಎಂದು ಆರಂಭಿಸಿದರು.

“ನಿಮ್ಮ ವಿನಯ ಸಾಕು ಆಚಾರ್ರೇ,” ಅಂದರು ಪ್ರೇಮಮ್ಮ. “ಬೆಳಗಿಂದ ಉಪವಾಸ ಇದ್ದೀರಿ ಅಂತ ಊರೆಲ್ಲ ಹೇಳ್ತಿದೆ. ಕೂತ್ಕೊಳ್ಳಿ.”

ಯಾರೋ ಕೊರಳಿಗೆ ಹಾರ ಹಾಕಿದರು. ಯಾರೋ ಮಣೆ ಎಳೆದರು. ಅಷ್ಟರಲ್ಲಿ ಜಯಲಕ್ಷ್ಮೀ ಬಂದು ಪಕ್ಕದಲ್ಲಿ ಇನ್ನೊಂದು ಮೈಕು ಹಿಡಿದು ಕೂತಳು. ಹಾಲಿನ ಕಡೆಯಲ್ಲಿ ಶಂಕರನಾರಾಯಣರು ನಿಂತು ಜನ ನೋಡಿ ನೋಡಿ ಮೀಸೆಯೊಳಗೇ ನಗುತ್ತಿದ್ದರು. ಮೇಷ್ಟ್ರು ಹೆಂಡತಿಯ ಕಿವಿಯಲ್ಲಿ, ರಾಮಾಯಣ ನನಗೆ ಬಾಯಿಗೆ ಬರೋದಿಲ್ಲ, ಬರೋದು ಪುಲಕೇಶಿ ಒಂದೇ ಅಂದರು.

“ಅದನ್ನೇ ಹೇಳಿ. ತಮಿಳಿಗೆ ನಾನು ಮಾಡ್ತೀನಿ. ಇಸವಿ ಮಾತ್ರ ಬೇಡ.”

ಇಸವಿಯಿಲ್ಲದೆ ಇತಿಹಾಸ ಹೇಳುವುದೆಂದರೆ ಮೇಷ್ಟ್ರಿಗೆ ಅಂಗಿಯಿಲ್ಲದೆ ಬೀದಿಗೆ ಬಂದಂತೆ. ಆದರೂ ಕಣ್ಣು ಮುಚ್ಚಿ ಶುರು ಮಾಡಿದರು. ಇವತ್ತು ವಾತಾಪಿಯ ಕತೆ ಅಂದದ್ದೇ ಸಭೆಯೆಲ್ಲ ತಲೆದೂಗಿತು. ವಾತಾಪಿ ಎಂಬ ರಾಕ್ಷಸನನ್ನು ಅಗಸ್ತ್ಯರು ಜೀರ್ಣಿಸಿಕೊಂಡದ್ದು ಅಲ್ಲಿ ಕೂತ ಎಲ್ಲ ಅಜ್ಜಿಯರಿಗೂ ಗೊತ್ತು. ಕೂಸುಗಳ ಹೊಟ್ಟೆ ಸವರುವಾಗ ಅವನ ಹೆಸರು ಹೇಳಿಯೇ ಮೊಮ್ಮಕ್ಕಳನ್ನು ಬೆಳೆಸಿದವರು. ಆ ವಾತಾಪಿಯ ಹೆಸರಿನದೇ ಊರು ನನ್ನ ಊರಿನ ಪಕ್ಕದ್ದು, ಅಲ್ಲೊಬ್ಬ ರಾಜಕುಮಾರ, ಎಳೆಯ ವಯಸ್ಸಿಗೆ ತಂದೆ ತೀರಿಕೊಂಡ, ಚಿಕ್ಕಪ್ಪ ನೋಡಿಕೊಳ್ಳುತ್ತೇನೆಂದು ಬಂದು ಸಿಂಹಾಸನದ ಮೇಲೆ ಕೂತವನು ಏಳಲೇ ಇಲ್ಲ ಎಂದರು ಮೇಷ್ಟ್ರು.

ಜಯಲಕ್ಷ್ಮೀ ಅದನ್ನು ತಮಿಳಿಗೆ ತಿರುಗಿಸಿ, ಚಿಕ್ಕಪ್ಪನ ನಗುವಿನ ಬಣ್ಣನೆಯನ್ನು ತಾನೇ ಕೈಯಿಂದ ಹಾಕಿದಳು. ಮೂರನೆಯ ಸಾಲಿನ ಮಾಮಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರ ಮೈದುನ ಹೀಗೆಯೇ ಮನೆ ನೋಡಿಕೊಳ್ಳುತ್ತೇನೆಂದು ಬಂದು ಇಪ್ಪತ್ತು ವರ್ಷದಿಂದ ನೋಡಿಕೊಳ್ಳುತ್ತಲೇ ಇದ್ದನಂತೆ. ಪಕ್ಕದವರು ಅವರ ಬೆನ್ನು ಸವರಿದರು. ಪುಲಕೇಶಿ ಸೈನ್ಯ ಕಟ್ಟಿ ಚಿಕ್ಕಪ್ಪನನ್ನು ಸೋಲಿಸಿದಾಗ ಹಾಲಿನಲ್ಲಿ ಎದ್ದ ಚಪ್ಪಾಳೆಯಲ್ಲಿ ಅರ್ಧ ಆ ಮೈದುನನ ಪಾಲಿನದು.

ಆಗ ಬಾಗಿಲಲ್ಲಿ ಗಲಾಟೆ ಕೇಳಿಸಿತು. ತಾರಸಿಯ ಸ್ಪೀಕರಿನ ಬಾಯಿ ಪಕ್ಕದ ಕೋಚಿಂಗ್‌ನ ಕಿಟಕಿಗೆ ನೇರವಾಗಿತ್ತು. ಭೌತಶಾಸ್ತ್ರದ ಮೇಷ್ಟ್ರು ಬೋರ್ಡಿನ ಮೇಲೆ ಬಾಣದ ವೇಗ ಬರೆದಾಗಲೆಲ್ಲ ಇಲ್ಲಿ ಪುಲಕೇಶಿಯ ಸೈನ್ಯ ಬಾಣ ಬಿಡುತ್ತಿತ್ತು. ಕೊನೆಗೆ ಅವರು ಸೋತು ತರಗತಿ ಮುಗಿಸಿಬಿಟ್ಟಿದ್ದರು. ಇಪ್ಪತ್ತೆರಡು ಮಕ್ಕಳೂ ಉಸಲಿಯ ಒಗ್ಗರಣೆಯ ವಾಸನೆ ಹಿಡಿದು ಬಂದು ಬಾಗಿಲಿಗೆ ಜೋತುಬಿದ್ದವು. ಮುಗಿಯುವ ತನಕ ಪ್ರಸಾದವಿಲ್ಲ ಎಂದು ಪ್ರೇಮಮ್ಮ ಕಣ್ಣಲ್ಲೇ ತಿಳಿಸಿದರು. ಬೇರೆ ದಾರಿ ಕಾಣದೆ ಕೂತವು.

ಮೇಷ್ಟ್ರಿಗೆ ಯಾವುದೂ ಕಾಣುತ್ತಿರಲಿಲ್ಲ. ನರ್ಮದೆಯ ದಡದಲ್ಲಿ ಹರ್ಷನ ಆನೆಗಳು ಹಿಂದೆ ಸರಿಯುತ್ತಿದ್ದವು. ಅಲ್ಲಿಂದ ಪುಲಕೇಶಿ ದಕ್ಷಿಣಕ್ಕೆ ತಿರುಗಿ ಕಾಂಚಿಯ ಮೇಲೆ ಬಂದ. ಕಾಂಚಿ ಅಂದೊಡನೆ ಸಭೆ ನೆಟ್ಟಗಾಯಿತು. ಇಷ್ಟು ಹೊತ್ತು ಯಾರದೋ ಮನೆಯ ಜಗಳ, ಈಗ ನಮ್ಮ ಬಾಗಿಲಿಗೇ ಬಂತು. ಮಹೇಂದ್ರವರ್ಮ ಕೋಟೆಯ ಬಾಗಿಲು ಹಾಕಿಕೊಂಡ. ಅವನ ಮಗ ನರಸಿಂಹವರ್ಮ ಹಲ್ಲು ಕಚ್ಚಿಕೊಂಡು ಕಾದ. ವರ್ಷಗಟ್ಟಲೆ ಕಾದು ಸೈನ್ಯ ತೆಗೆದುಕೊಂಡು ವಾತಾಪಿಗೆ ಹೊರಟ. ಮಾಮಲ್ಲ ಅಂತ ಬಿರುದು ಅವನಿಗೆ, ನೀವು ಮಹಾಬಲಿಪುರಕ್ಕೆ ಪಿಕ್ನಿಕ್ ಹೋಗ್ತೀರಲ್ಲ, ಆ ಮಾಮಲ್ಲಪುರದ ಹೆಸರಿನಲ್ಲಿ ಕೂತವನು ಅವನೇ ಎಂದಾಗ ಸುಕೇಶ ಪಕ್ಕದವನ ತೊಡೆ ಗಿಲ್ಲಿದ. ಅವನು ಅಲ್ಲಿ ಕಲ್ಲಿನ ಆನೆಯ ಬೆನ್ನೇರಿ ಹಲ್ಲು ಮುರಿದುಕೊಂಡಿದ್ದ.

“ಮುದುಕ ಆಗ್ಯಾನ ಪುಲಕೇಶಿ,” ಅಂದರು ಮೇಷ್ಟ್ರು. ದನಿ ಸ್ವಲ್ಪ ಒಡೆಯಿತು. “ಕೋಟಿ ಮ್ಯಾಲ ನಿಂತು ನೋಡತಾನ. ನಾ ಈಜು ಕಲತ ಹೊಂಡದ ಆಚಿ ದಂಡಿಗೆ ವೈರಿ ಡೇರೆ ಹೊಡದಾನ.”

ಈ ಒಂದನ್ನು ಜಯಲಕ್ಷ್ಮೀ ತಮಿಳಿಗೆ ತಿರುಗಿಸಲಿಲ್ಲ. ಯಾರೂ ಕೇಳಲೂ ಇಲ್ಲ. ಗೆದ್ದವನು ತಮ್ಮ ಕಡೆಯವನಾದರೂ ಆ ಎಂಬತ್ತು ಅಜ್ಜಿಯರ ಕಣ್ಣಲ್ಲಿ ನೀರಿತ್ತು. ಮೇಷ್ಟ್ರು ಮುಂದಿನ ಮಾತಿಗೆ ಬಾಯಿ ತೆರೆದರು.

ಪ್ರೇಮಮ್ಮ ಕೈ ಎತ್ತಿದರು. “ಅವನನ್ನು ಸಾಯಿಸ್ಬೇಡಿ. ದೀಪದ ಮುಂದೆ ಸಾವಿನಲ್ಲಿ ನಿಲ್ಲಿಸುವ ಪದ್ಧತಿ ಇಲ್ಲ. ಪಟ್ಟಾಭಿಷೇಕ ಮಾಡಿ ಮಂಗಳ ಮಾಡಿ.”

ಮೇಷ್ಟ್ರು ಗಾಬರಿಯಾದರು. ಇತಿಹಾಸ ಅವರ ಕೈಯಲ್ಲಿಲ್ಲ. ಆದರೆ ಹದಿಮೂರು ವರ್ಷ ದಾಟಿದರೆ ಒಂದು ಪಟ್ಟಾಭಿಷೇಕ ನಿಜವಾಗಿಯೂ ಇತ್ತು. ಪುಲಕೇಶಿಯನ್ನು ಕೋಟೆಯ ಮೇಲೆಯೇ ಬಿಟ್ಟು ಮೇಷ್ಟ್ರು ಒಂದೇ ನೆಗೆತಕ್ಕೆ ದಾಟಿದರು. ಮಗ ವಿಕ್ರಮಾದಿತ್ಯ ಬಂದ, ವಾತಾಪಿಯನ್ನು ಮರಳಿ ಪಡೆದ, ತಂದೆಯ ಸಿಂಹಾಸನವೇರಿದ. ಅಕ್ಷತೆ ಮಳೆಯ ಹಾಗೆ ಬಿತ್ತು. ಅರ್ಧ ಮೇಷ್ಟ್ರ ಮೇಲೆ, ಅರ್ಧ ಭೂಪಟದ ಮೇಲೆ.

ಆರತಿಯಾಗಿ ಉಸಲಿ ಹಂಚತೊಡಗಿದರು. ಉಸಲಿಗೆಂದು ಬಂದ ಸುಕೇಶ ದೊನ್ನೆ ಹಿಡಿದುಕೊಂಡು ವೇದಿಕೆಗೇ ಬಂದ, ಹಿಂದೆ ಮಿಕ್ಕವರು. ಮುದುಕ ಪುಲಕೇಶಿಗೆ ಕೊನೆಗೆ ಏನಾಯಿತು, ಆ ಹದಿಮೂರು ವರ್ಷ ಊರು ಯಾರ ಕೈಯಲ್ಲಿತ್ತು, ವಿಕ್ರಮಾದಿತ್ಯ ಸುಮ್ಮನೆ ಕೂತನೋ ಕಾಂಚಿಗೆ ತಿರುಗಿ ಬಂದನೋ ಎಂದು ಒಬ್ಬರ ಮೇಲೊಬ್ಬರು ಬಿದ್ದು ಕೇಳಿದರು. ಮೇಷ್ಟ್ರಿಗೆ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅಲ್ಲೇ ತಡೆದರು. ಜನ್ಮದಲ್ಲಿ ಮೊದಲ ಸಲ ಒಂದು ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಹೇಳದೆ ಉಳಿದರು. ಅದೆಲ್ಲ ಪ್ಲಸ್ ಒನ್ ಹಿಸ್ಟರಿ ಗ್ರೂಪಿನಲ್ಲಿ ಬರುತ್ತದೆ ಎಂದು ಹೇಳಿ ಜೇಬಿನಿಂದ ಅರ್ಜಿಗಳನ್ನು ತೆಗೆದರು.

ಆರೂವರೆಯ ಹೊತ್ತಿಗೆ ಹದಿನಾಲ್ಕು ಅರ್ಜಿಗಳು ತುಂಬಿದ್ದವು. ಅಪ್ಪ ಅಮ್ಮಂದಿರು ಅಲ್ಲಿರಲಿಲ್ಲ, ಸಭೆಯಲ್ಲಿದ್ದ ಅವರವರ ಅಜ್ಜಿಯರೇ ಸಹಿ ಹಾಕಿದರು. ಕೆಲವರು ಹಾಕುವ ಮೊದಲು ಮೂಲೆಗೆ ಅರಿಸಿನ ಹಚ್ಚಿದರು. ಚರಣ್ ಬಂದು ತನ್ನ ಹಳೆಯ ಅರ್ಜಿ ತಿದ್ದಿಸುವುದು ಬೇಡ, ಹಾಗೆಯೇ ಇರಲಿ ಎಂದು ಹೇಳಿಹೋದ. ಜಯಲಕ್ಷ್ಮೀ ದೂರದಿಂದ ಕಣ್ಣಲ್ಲೇ ಶಹಭಾಸ್ ಹೇಳಿದಳು. ಮೇಷ್ಟ್ರು ಅರಿಸಿನ ಹಚ್ಚಿದ ಕಟ್ಟನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಕೊರಳ ಹಾರ ತೆಗೆಯುವುದನ್ನೂ ಮರೆತು ಕರೆಸ್ಪಾಂಡೆಂಟರ ಕೋಣೆಗೆ ಹೋದರು. ನರ್ಮದೆಯಿಂದ ಮರಳಿದ ಪುಲಕೇಶಿಯೂ ಅಷ್ಟು ಗಂಭೀರವಾಗಿ ನಡೆದಿರಲಾರ.

ಶಂಕರನಾರಾಯಣರು ಎದ್ದು ನಿಂತು ಕುರ್ಚಿ ಕೊಟ್ಟರು. ನಾಲ್ಕು ವರ್ಷದಲ್ಲಿ ಇದು ಮೊದಲು. ಅರ್ಜಿಗಳನ್ನು ಎಣಿಸಿದರು. ಹಿಸ್ಟರಿ ಗ್ರೂಪು ಉಳಿಯಿತು, ಬೋರ್ಡಿನಿಂದ ಅಳಿಸುವ ಪ್ರಶ್ನೆಯೇ ಇಲ್ಲ ಎಂದರು. ಮೇಷ್ಟ್ರ ಕಣ್ಣು ಮಂಜಾಯಿತು. ಸೋಮವಾರದ ಮೊದಲ ಪಾಠ ಎಲ್ಲಿಂದ ಎತ್ತಿಕೊಳ್ಳಬೇಕೆಂದು ಅವರು ಯೋಚಿಸತೊಡಗಿದ್ದರು.

“ಹಿಸ್ಟರಿಗೆ ಸಂತೋಷನನ್ನು ಹಾಕಿದ್ದೇನೆ,” ಅಂದರು ಶಂಕರನಾರಾಯಣರು.

ಪಿ.ಟಿ. ಮೇಷ್ಟ್ರಿಗೂ ಅಂಚೆಯ ಮೂಲಕ ತೆಗೆದುಕೊಂಡ ಹಿಸ್ಟರಿ ಎಂ.ಎ. ಇತ್ತಂತೆ. ಈ ತನಕ ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

“ಮತ್ತ ನಾನ್ರಿ ಸರ?”

“ನಿಮ್ಮನ್ನು ತರಗತಿಗೆ ಹಾಕಿ ವ್ಯರ್ಥ ಮಾಡ್ಲಿಕ್ಕುಂಟಾ? ಅಮ್ಮ ಆಗಲೇ ಹೇಳಿ ಆಯ್ತು. ನಾಳೆಯಿಂದ ನಲವತ್ತೆಂಟು ದಿನ ನಿಮ್ಮ ರಾಮಾಯಣ. ಆಮೇಲೆ ಭಾರತ. ಹೋಟೆಲಿನಲ್ಲಿ ಒಬ್ಬ ಭಟ್ಟನ ಕೈಯಲ್ಲಿ ದೋಸೆ ಓಡಿತು ಅಂದ್ರೆ ಅವನನ್ನು ದೋಸೆ ಕಲ್ಲಿನ ಹತ್ತಿರವೇ ನಿಲ್ಲಿಸ್ಬೇಕು, ತರಕಾರಿ ಹೆಚ್ಚಲಿಕ್ಕೆ ಕಳಿಸ್ಬಾರದು.”

ಉಪನ್ಯಾಸ ಸಂಜೆ ಮಾತ್ರವಾದ್ದರಿಂದ ಬೆಳಗಿನ ಹೊತ್ತು ಸುಮ್ಮನೆ ಹೋಗಬಾರದೆಂದು, ನಾಲ್ಕು ಬಸ್ಸುಗಳ ಉಸ್ತುವಾರಿಯೂ ಮೇಷ್ಟ್ರದೇ ಎಂದು ಅವರು ಸಾವಕಾಶವಾಗಿ ವಿವರಿಸಿದರು. ಆರೂವರೆಗೆ ಗೇಟು. ಈ ತನಕ ಅಲ್ಲಿ ನಿಲ್ಲುತ್ತಿದ್ದ ಸಂತೋಷ್ ಈಗ ಪಾಠ ತಯಾರಿ ಮಾಡಿಕೊಳ್ಳಬೇಕಲ್ಲ.

“ಸರ, ನಾ ಇವತ್ತ ಹೇಳಿದ್ದು ಹಿಸ್ಟರೀನಽ ರೀ,” ಅಂದರು ಮೇಷ್ಟ್ರು. ದನಿ ಅಳುವಿನ ಹತ್ತಿರಕ್ಕೆ ಬಂದಿತ್ತು. “ಒಂದು ಅಕ್ಷರ ಪುರಾಣ ಹೇಳಿಲ್ರಿ. ಅದಕ್ಕಽ ಮಕ್ಕಳು ಬಂದದ್ದು.”

ಶಂಕರನಾರಾಯಣರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಅದು ನಿಮಗೆ ಗೊತ್ತುಂಟು, ನನಗೆ ಗೊತ್ತುಂಟು. ಅಮ್ಮನಿಗೆ ಮಾತ್ರ ಹೇಳ್ಬೇಡಿ.”

ಮೇಷ್ಟ್ರು ಹೊರಗೆ ಬಂದರು. ಅಂಗಳದ ಬೇವಿನ ಮರದ ಕೆಳಗೆ ಮಕ್ಕಳು ಸಂತೋಷ್‌ನನ್ನು ಸುತ್ತುಗಟ್ಟಿ ಪುಲಕೇಶಿ ಸತ್ತನೋ ಇಲ್ಲವೋ ಎಂದು ಪೀಡಿಸುತ್ತಿದ್ದರು. ಅವನು ಸೋಮವಾರ ಹೇಳುತ್ತೇನೆ ಎಂದು ತಪ್ಪಿಸಿಕೊಳ್ಳುತ್ತಿದ್ದ. ಹಾಲಿನ ಬಾಗಿಲಲ್ಲಿ ಚಪ್ಪಲಿಗಳೆಲ್ಲ ಹೋಗಿ ಮೇಷ್ಟ್ರ ಕಪ್ಪು ಬೂಟುಗಳೆರಡೇ ಉಳಿದಿದ್ದವು. ಯಾರೋ ಅವನ್ನು ಒರೆಸಿ, ಒಂದು ಬಾಳೆ ಎಲೆಯ ಮೇಲೆ ಜೋಡಿಸಿ, ಎರಡಕ್ಕೂ ಕುಂಕುಮ ಹಚ್ಚಿ, ಮೇಲೊಂದೊಂದು ದಾಸವಾಳ ಇಟ್ಟಿದ್ದರು. ಗೇಟಿನ ಹತ್ತಿರ ಇಬ್ಬರು ಅಜ್ಜಿಯರು ಕೈಮುಗಿದುಕೊಂಡು ಇತ್ತಲೇ ನೋಡುತ್ತಿದ್ದರು. ಮೇಷ್ಟ್ರು ಒಂದು ಕಾಲು ಎತ್ತಿದರು, ಅಜ್ಜಿಯರನ್ನು ನೋಡಿದರು, ಕಾಲು ಕೆಳಗಿಟ್ಟರು. ಆಮೇಲೆ ಬೂಟುಗಳನ್ನು ಹೂವಿನ ಸಮೇತ ಎತ್ತಿ ಎದೆಗವಚಿಕೊಂಡು, ಇನ್ನೂ ಕಾದೇ ಇದ್ದ ರಸ್ತೆಯ ಮೇಲೆ ಬರಿಗಾಲಲ್ಲಿ ಮನೆಯ ಕಡೆ ನಡೆದರು.